ಮಾಡಿನ ಮೇಲಿನ ಕುಂಬಳಕಾಯಿ

ನವರಾತ್ರಿ ಕಳೆದು ಮಳೆ ಹಿಂದೆ ಸರಿದ ಮೇಲೆ ಹೊಳನಗದ್ದೆಯ ಸಣ್ಣಿಗೆ ದಿನವೂ ಬೆಳಿಗ್ಗೆ ಒಂದು ಕೆಲಸವಿರುತ್ತಿತ್ತು. ಒಲೆಗೆ ಬೆಂಕಿ ಹಾಕುವ ಮೊದಲು ಅಂಗಳಕ್ಕಿಳಿದು, ಬೇಲಿಯ ತನಕ ನಡೆದು, ಅಲ್ಲಿ ತಿರುಗಿ ನಿಂತು ತನ್ನ ಮನೆಯ ಮಾಡನ್ನು, ಹುಲ್ಲು ಹೊದಿಸಿದ ಸೂರನ್ನು, ನೋಡುವುದು.

ಮಳೆಗಾಲವಿಡೀ ಆ ಹುಲ್ಲಿನ ಮಾಡಿನ ಮೇಲೆ ಬರೀ ಎಲೆ. ಆಶ್ವೀಜದ ಬಿಸಿಲು ಬಿದ್ದ ಮೇಲೆ ಎಲೆಗಳು ಹಳದಿಯಾಗಿ, ಅಂಚಿನಿಂದ ಒಣಗುತ್ತ ಬಂದು, ಅವುಗಳ ನಡುವಿನಿಂದ ಕಾಯಿಗಳು ಒಂದೊಂದಾಗಿ ಹೊರಬೀಳುತ್ತಿದ್ದವು. ಕೊಟ್ಟಿಗೆಯ ಮೇಲೆ ಮೈತುಂಬ ಬೂದಿ ಬಳಿದುಕೊಂಡ ಬೂದುಗುಂಬಳ. ಚಪ್ಪರದಿಂದ ಇಳಿಬಿದ್ದ ಎಳೆಹಸಿರು ಸೋರೆಕಾಯಿ. ಬೇಲಿಯ ಬುಡದಲ್ಲಿ ಮೈಗೆ ಮೈ ತಾಗಿಸಿ ಮಲಗಿದ ಪಟ್ಟೆಪಟ್ಟೆಯ ಸೌತೆ, ಮೊಗೆಕಾಯಿ. ಇವೆಲ್ಲಕ್ಕಿಂತ ಎತ್ತರದಲ್ಲಿ, ಮಾಡಿನ ನೆತ್ತಿಯ ಹತ್ತಿರ ಸಿಹಿಗುಂಬಳ. ಕೆಲವು ಇನ್ನೂ ಹಸಿರು, ಕೆಲವು ಹಸಿರಿನಿಂದ ಕೆಂಪಿಗೆ ಹೊರಳುತ್ತಿದ್ದವು, ಒಂದೆರಡು ಪೂರ್ತಿ ಬಲಿತು ಕಾವಿ ಬಣ್ಣಕ್ಕೆ ಬಂದಿದ್ದವು. ತೆಂಗಿನ ಸಾಲು ದಾಟಿ ಬಂದ ಬಿಸಿಲು ಮೊದಲು ಬೀಳುತ್ತಿದ್ದುದು ಅವುಗಳ ಮೇಲೆ. ಹೊಟ್ಟೆಯ ಗೆರೆಗಳಲ್ಲಿ ನಿಂತ ಇಬ್ಬನಿ ಆರುವ ತನಕ ಸಣ್ಣಿ ಅಲ್ಲೇ ನಿಂತಿರುತ್ತಿದ್ದಳು.

"ಅದು ತಿನ್ನೂಕೋ, ನೋಡೂಕೋ?" ಎಂದು ಅವಳ ಗಂಡ ಹಮ್ಮ ಗೌಡ ಜಗುಲಿಯಿಂದ ಕೇಳುತ್ತಿದ್ದ.

"ಮೊದ್ಲು ನೋಡೂಕೆ. ತಿನ್ನೂದು ಇದ್ದೇ ಇದೆ" ಎನ್ನುತ್ತಿದ್ದಳು.

ಸಣ್ಣಿ ಹಾಲಕ್ಕಿ ಒಕ್ಕಲಿಗರ ಹೆಂಗಸು, ನಲವತ್ತೈದರ ಆಸುಪಾಸು. ಒಬ್ಬಳೇ ಮಗಳನ್ನು ಮದುವೆ ಮಾಡಿ ಕಳಿಸಿ ಆಗಿತ್ತು. ಹಮ್ಮ ಗೌಡ ಊರಿನ ಗಣಪಯ್ಯ ಒಡೆಯರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ. ಮನೆ ನಿಂತ ಜಾಗವೂ ಒಡೆಯರದೇ. ಆದರೆ ಗದ್ದೆಯ ಕೆಲಸ ಹಮ್ಮನದು, ಮನೆಯ ಸುತ್ತಲಿನ ತರಕಾರಿ ಸಣ್ಣಿಯದು ಎಂದು ಗಂಡಹೆಂಡಿರ ನಡುವೆ ಯಾರೂ ಬಾಯಿಬಿಟ್ಟು ಹೇಳದೆಯೇ ಪಾಲಾಗಿ ಇಪ್ಪತ್ತೈದು ವರ್ಷವಾಗಿತ್ತು. ಬೀಜ ತೆಗೆದಿಡುವವಳು ಅವಳು, ಗುಂಡಿ ತೋಡುವವಳು ಅವಳು, ಬುಧವಾರದ ಸಂತೆಗೆ ಬುಟ್ಟಿ ಹೊತ್ತು ಕುಮಟೆಗೆ ನಡೆಯುವವಳೂ ಅವಳೇ.

ಅರವತ್ತೊಂದನೆಯ ಇಸವಿಯ ಆ ವರ್ಷ ಮಾಡಿನ ಮೇಲಿನ ಒಂದು ಕಾಯಿ ಉಳಿದೆಲ್ಲವನ್ನೂ ಮೀರಿ ಬೆಳೆಯಿತು. ಮಳೆ ಎಡೆಬಿಡದೆ ಹೊಡೆಯುತ್ತಿದ್ದಾಗ ಜೇನುನೊಣ ಹೊರಗೆ ಬರುವುದಿಲ್ಲ, ಹೆಣ್ಣುಹೂವು ಕಾಯಿ ಕಚ್ಚದೆ ಉದುರಿಹೋಗುತ್ತದೆ. ಅದಕ್ಕೇ ಸಣ್ಣಿ ಬೆಳಕು ಹರಿಯುವ ಮೊದಲು ತಲೆಗೆ ಮಳೆ ತಡೆಯುವ ಎಲೆಯ ಗೊರಬು ಹಾಕಿಕೊಂಡು ಏಣಿ ಹತ್ತಿ, ಗಂಡುಹೂವು ಕಿತ್ತು ಅದರ ಹುಡಿಯನ್ನು ಹೆಣ್ಣುಹೂವಿಗೆ ತಾಗಿಸುತ್ತಿದ್ದಳು. ಅವಳ ತಾಯಿ ಕಲಿಸಿದ್ದು ಅದು. ಕಾಯಿ ಕಚ್ಚಿದ ಮೇಲೆ ಸಂತೆಯ ದಿನ ಮೀನುಪೇಟೆಯಿಂದ ಮೀನು ತೊಳೆದ ನೀರನ್ನು ಕೊಡಪಾನದಲ್ಲಿ ಹೊತ್ತು ತಂದು ಬುಡಕ್ಕೆ ಹೊಯ್ದಳು. ಕಾಯಿ ತೆಂಗಿನಕಾಯಿಯಷ್ಟಾದಾಗ, ಹಸಿ ಹುಲ್ಲು ತಾಗಿ ಕೊಳೆಯಬಾರದೆಂದು ತೆಂಗಿನ ನಾರಿನ ಹುರಿ ಸುತ್ತಿ ದಪ್ಪ ಸಿಂಬೆ ಮಾಡಿ ಅದರ ಅಡಿಗೆ ಇಟ್ಟಳು. ಕೊಡ ಹೊರುವಾಗ ತಲೆಗೆ ಇಟ್ಟುಕೊಳ್ಳುವಂಥ ಸಿಂಬೆ. ಕಾಯಿ ಅದರ ಮೇಲೆ ಕೂತು ಬೆಳೆಯಿತು. ದಸರೆಯ ಹೊತ್ತಿಗೆ ಅಪ್ಪಿ ಹಿಡಿದರೆ ಎರಡು ತೋಳೂ ತುಂಬುವಷ್ಟಾಗಿತ್ತು.

ಕುಮಟೆಗೆ ಹೋಗುವವರು ದಾರಿಯಲ್ಲಿ ನಿಂತು ನೋಡುತ್ತಿದ್ದರು. ಆ ಭಾಗಕ್ಕೆ ಹೊಸದಾಗಿ ಬಂದಿದ್ದ ಗ್ರಾಮಸೇವಿಕೆ ಮಹಾಲಕ್ಷ್ಮೀ, ಭಟ್ಕಳದ ಕಡೆಯ ಹುಡುಗಿ, ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಕೊಪ್ಪದ, ಅಂದರೆ ಹಾಲಕ್ಕಿ ಕೇರಿಯ, ಹೆಂಗಸರಿಗೆ ತರಕಾರಿ ಬೀಜ ಹಂಚಲು ಬಂದವಳು, ಆ ಕಾಯಿಯನ್ನು ಕಂಡು ಹಂಚುವುದನ್ನೇ ಮರೆತು ನಿಂತುಬಿಟ್ಟಿದ್ದಳು. "ಇದನ್ನ ಬೆಳೆದದ್ದು ಯಾರು?" ಎಂದು ಕೇಳಿದ್ದಳು. ಸಣ್ಣಿ ನಕ್ಕು ಕೈ ಎದೆಗೆ ಇಟ್ಟು ತೋರಿಸಿದ್ದಳು.

ದೀಪಾವಳಿಗೆ ಹನ್ನೆರಡು ದಿನವಿದೆ ಎನ್ನುವಾಗ ಒಂದು ಬುಧವಾರ ಸಣ್ಣಿ ಸಂತೆ ಮುಗಿಸಿ ಮಧ್ಯಾಹ್ನ ಮನೆಗೆ ಬಂದಳು. ಬೇಲಿಯ ಹತ್ತಿರ ಬರುವಾಗಲೇ ಕಣ್ಣು ಮಾಡಿನತ್ತ ಹೋಯಿತು. ನೆತ್ತಿಯ ಹತ್ತಿರ ಬರಿದಾದ ಜಾಗ. ಹುಲ್ಲು ತುಳಿದು ಕಂಡಿ ಬಿದ್ದಿತ್ತು. ಬಳ್ಳಿ ಕತ್ತಿಯಲ್ಲಿ ಕಡಿದದ್ದು. ಬರಿಯ ಸಿಂಬೆ ಜಾರಿ ಮಾಡಿನ ಅಂಚಿಗೆ ಬಂದು ನಿಂತಿತ್ತು.

ಅವಳು ಬುಟ್ಟಿಯನ್ನು ಅಂಗಳದ ನಡುವೆ ಇಳಿಸಿದಳು. "ಕಾಯಿ ಎಲ್ಲಿ?"

ಹಮ್ಮ ಗೌಡ ಜಗುಲಿಯಲ್ಲಿ ಕೂತು ಕತ್ತಿಯ ಹಿಡಿ ಸರಿಮಾಡುತ್ತಿದ್ದ. ತಲೆ ಎತ್ತಲಿಲ್ಲ. "ಒಡೇರು ಆಳು ಕಳ್ಸಿದ್ರು. ಹೊನ್ನಾವರದಲ್ಲಿ ಎಂತದೋ ಪ್ರದರ್ಶನ ಅಂತೆ. ಮೂರು ತಾಲೂಕಿನ ತರಕಾರಿ ಇಡ್ತ್ರಂತೆ. ನಮ್ಮ ಊರಿಂದೂ ಒಂದು ಇರ್ಲಿ ಅಂದ್ರು."

"ಅವ್ರು ಅಂದ್ರು. ನೀವು ಎಂತ ಅಂದ್ರಿ?"

"ಎಂತ ಅನ್ನೂದು? ಆತು ಅಂದೆ."

"ನಾ ಬರೂ ತನ್ಕ ನಿಲ್ಲಿ ಅಂತ ಹೇಳೂಕೆ ಬಾಯಿ ಇರ್ಲಿಲ್ವಾ?"

"ಒಡೇರ ಆಳಿಗೆ ನಿಲ್ಲು ಅಂತ ಹೇಳೂದಾ? ಎಂತ ಮಾತು ಆಡ್ತೆ ಮಾರಾಯ್ತಿ. ಒಂದು ಕುಂಬಳಕಾಯಿ."

ಸಣ್ಣಿ ಏಣಿ ಇಟ್ಟು ಮಾಡು ಹತ್ತಿದಳು. ಬೇಕಾಬಿಟ್ಟಿ ಕಡಿದ ಬಳ್ಳಿಯಿಂದ ಇನ್ನೂ ನೀರು ಒಸರುತ್ತಿತ್ತು. ಆ ಬಳ್ಳಿಯ ತುದಿಯಲ್ಲಿದ್ದ ಇನ್ನೆರಡು ಕಾಯಿ ಇನ್ನು ಬಲಿಯುವುದಿಲ್ಲ. ಬಳ್ಳಿಗೆ ಪೆಟ್ಟಾಗದಂತೆ ಕಾಯಿಯನ್ನು ತೊಟ್ಟಿನ ಸಮೇತ ಕೊಯ್ಯಬೇಕೆಂಬುದೂ ಆ ಆಳುಗಳಿಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿದ್ದೂ ಅಷ್ಟು ತೊಂದರೆ ತೆಗೆದುಕೊಳ್ಳಲಿಲ್ಲ. ಅವಳು ಸಿಂಬೆಯನ್ನು ಎತ್ತಿಕೊಂಡು ಕೆಳಗಿಳಿದಳು. ಅವತ್ತು ಭತ್ತ ಕುಟ್ಟುವಾಗ ಅವಳ ಒನಕೆಯ ಪೆಟ್ಟು ಪಕ್ಕದ ಮನೆಯ ದುರ್ಗಿಗೆ ಕೇಳಿಸಿ, ಏನಾಯಿತೆಂದು ಆಕೆ ಓಡಿ ಬಂದಳು.

ವಿಷಯ ಕೇಳಿ ದುರ್ಗಿ ಹೇಳಿದಳು: "ಹೋದದ್ದು ಹೋತು. ಆದ್ರೆ ಅಲ್ಲಿ ಮೂರು ತಾಲೂಕಿನ ಜನ ಬಂದು ನೋಡ್ತ್ರಲ್ಲೆ ಸಣ್ಣಕ್ಕ. ನಾವೂ ಹೋಗಿ ನೋಡ್ವಾ?"

ಸಣ್ಣಿಯ ಸಿಟ್ಟಿನ ಒಳಗೆ ಆ ಮಾತು ಸ್ವಲ್ಪ ತಣ್ಣಗೆ ಇಳಿಯಿತು. ತನ್ನ ಬೇಲಿಯ ಹೊರಗೆ ದಿನಕ್ಕೆ ಹತ್ತು ಜನ ನಿಂತು ನೋಡುತ್ತಿದ್ದ ಕಾಯಿಯನ್ನು ನೂರಾರು ಜನ ನೋಡುವುದು. ಅದೂ ಒಂದು ಚಂದವೇ. ಜತೆಗೆ, ಬರಿಯ ಹಲಗೆಯ ಮೇಲೆ ಇಟ್ಟರೆ ಅಷ್ಟು ಭಾರದ ಕಾಯಿಯ ಅಡಿ ಕೊಳೆಯುತ್ತದೆ. ಸಿಂಬೆಯನ್ನಾದರೂ ಕೊಟ್ಟು ಬರಬೇಕು.

ಶನಿವಾರ ಬೆಳಿಗ್ಗೆ ಇಬ್ಬರೂ ಕುಮಟೆಗೆ ನಡೆದು ಹೊನ್ನಾವರದ ಬಸ್ಸು ಹತ್ತಿದರು. ಗಂಡನಿಗೆ ಗಂಜಿ ಮಾಡಿಟ್ಟಿದ್ದಳು. ಮಾತು ಆಡಿರಲಿಲ್ಲ.

ಪ್ರದರ್ಶನವಿದ್ದದ್ದು ಒಂದು ಬಯಲಿನಲ್ಲಿ, ತೆಂಗಿನ ಮಡಲು ಹೊದಿಸಿದ ಉದ್ದದ ಚಪ್ಪರದೊಳಗೆ. ಒಳಗೆ ಕಾಲಿಟ್ಟ ಸಣ್ಣಿ ಒಂದು ಗಳಿಗೆ ಎಲ್ಲವನ್ನೂ ಮರೆತಳು. ಅಷ್ಟು ಕುಂಬಳ, ಅಷ್ಟು ಬಗೆಯ ಸೋರೆ ಒಂದೇ ಕಡೆ ಇರುವುದನ್ನು ಅವಳು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಹಾವಿನಂತೆ ಸುತ್ತಿಕೊಂಡ ಸೋರೆ, ಚೊಂಬಿನಂತೆ ಹೊಟ್ಟೆ ಬಿಟ್ಟ ಸೋರೆ, ಕೂಸಿನ ಕೈಯಷ್ಟೇ ಇರುವ ಸೋರೆ. ಸೀಳುಸೀಳಾಗಿ ಗೆರೆ ಬಿದ್ದು ಮಣೆಯಂತೆ ಚಪ್ಪಟೆಯಾಗಿ ಕೂತ, ಶರಾವತಿಯನ್ನು ದೋಣಿಯಲ್ಲಿ ದಾಟಿ ಬಂದ ಭಟ್ಕಳದ ಕುಂಬಳ. ಮೈಮೇಲೆಲ್ಲ ಗಂಟುಗಂಟಿರುವ, ಕಪ್ಪಿಗೆ ಹತ್ತಿರದ ಹಸಿರಿನ ಒಂದು ಜಾತಿ. ಗೋಪುರದ ಹಾಗೆ ಪೇರಿಸಿದ ಮೊಗೆಕಾಯಿ. ಅವಳು ಒಂದೊಂದರ ಮುಂದೆಯೂ ನಿಂತಳು, ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿದಳು, ತೊಟ್ಟು ಒಣಗಿದೆಯೇ ಎಂದು ಬಗ್ಗಿ ನೋಡಿದಳು. "ಇದ್ರ ಬೀಜ ಸಿಕ್ಕಿದ್ರೆ ಹೇಂಗೆ ದುರ್ಗಿ" ಎಂದು ಎರಡು ಸಲ ಹೇಳಿದಳು.

ಚಪ್ಪರದ ಕೊನೆಯಲ್ಲಿ ಒಂದು ಮೇಜು, ಅದರ ಮೇಲೆ ಕೆಂಪು ಬಟ್ಟೆ. ಬಟ್ಟೆಯ ಮೇಲೆ ಅವಳ ಕುಂಬಳ. ಸುತ್ತ ಜನ. ಅಲ್ಲಿದ್ದ ಯಾವುದೂ ಅದರ ಅರ್ಧಕ್ಕೂ ಬರುವಂತಿರಲಿಲ್ಲ. ಸಣ್ಣಿಯ ಎದೆ ತುಂಬಿ ಬಂತು. ಅದಕ್ಕೊಂದು ಹಳದಿ ಪಟ್ಟಿ ಕಟ್ಟಿದ್ದರು, ಮುಂದೆ ಒಂದು ರಟ್ಟಿನ ಚೀಟಿ ನಿಲ್ಲಿಸಿದ್ದರು.

ಮೇಜಿನ ಪಕ್ಕದಲ್ಲಿ ಗ್ರಾಮಸೇವಿಕೆ ಮಹಾಲಕ್ಷ್ಮೀ ಪುಸ್ತಕ ಹಿಡಿದು ನಿಂತಿದ್ದಳು. ಸಣ್ಣಿಯನ್ನು ಕಂಡದ್ದೇ ಅವಳ ಮುಖ ಬಿಳುಪೇರಿತು.

"ಅಕ್ಕೋರೆ, ಎಂತ ಬರ್ದದೆ ಅದ್ರಲ್ಲಿ?" ಸಣ್ಣಿ ಹಿಗ್ಗಿನಿಂದ ಕೇಳಿದಳು.

ಮಹಾಲಕ್ಷ್ಮೀ ಸುತ್ತ ನೋಡಿ ದನಿ ಇಳಿಸಿದಳು. "ಪ್ರಥಮ ಬಹುಮಾನ ಅಂತ."

"ಮತ್ತೆ? ಇನ್ನೂ ಎರಡು ಸಾಲು ಇದೆ."

"ಬೆಳೆದವರು..." ಹುಡುಗಿ ನಿಲ್ಲಿಸಿದಳು. ಮತ್ತೆ ಹೇಳಿದಳು: "ಬೆಳೆದವರು, ಶ್ರೀ ಗಣಪಯ್ಯನವರು, ಪಂಚಾಯತ ಚೇರಮನ್, ಹೊಳನಗದ್ದೆ."

ಸಣ್ಣಿಗೆ ಮೊದಲು ಅರ್ಥವಾಗಲಿಲ್ಲ. "ಕೊಟ್ಟವ್ರು ಅಂತ ಇರ್ಬೇಕು."

"ಇಲ್ಲ ಸಣ್ಣಮ್ಮ. ಬೆಳೆದವರು ಅಂತಲೇ ಇದೆ."

"ನೀವು ನೋಡಿದ್ರಿ ನಮ್ಮನೆ ಮಾಡಿನ್ಮೇಲೆ. ನನ್ನ ಹತ್ರ ಕೇಳಿದ್ರಿ ಬೆಳ್ದದ್ದು ಯಾರು ಅಂತ."

ಮಹಾಲಕ್ಷ್ಮೀ ಕಣ್ಣು ಕೆಳಗೆ ಹಾಕಿದಳು. "ನಾನು ಬರುವ ಮೊದಲೇ ಚೀಟಿ ಬರೆದಾಗಿತ್ತು."

ಕಾಯಿಯನ್ನು ಒಯ್ದದ್ದು ಒಂದು. ಹೊಟ್ಟೆಗೆ ಬೇಕೆಂದು ಒಯ್ದಿದ್ದರೆ ಉರಿ ಇಷ್ಟಿರುತ್ತಿರಲಿಲ್ಲ. ಇದು ಅವಳು ಗೊರಬು ಹಾಕಿಕೊಂಡು ಹತ್ತಿದ ಏಣಿಯನ್ನು, ಹೊತ್ತ ಮೀನುನೀರನ್ನು, ಬೆಳಗಿನ ಎಲ್ಲ ನೋಟವನ್ನೂ ಎತ್ತಿಕೊಂಡು ಹೋಗಿ ಬೇರೊಬ್ಬನ ಹೆಸರಿನಲ್ಲಿ ಬರೆದದ್ದು.

ಅಷ್ಟರಲ್ಲಿ ಜನ ದಾರಿ ಬಿಟ್ಟರು. ಪ್ರದರ್ಶನ ಸಮಿತಿಯ ಕಾರ್ಯದರ್ಶಿ ಎನ್ನುವವನು, ಕೋಟು ತೊಟ್ಟ ತೆಳ್ಳಗಿನ ಮನುಷ್ಯ, ಗಣಪಯ್ಯನವರನ್ನು ಕರೆದುಕೊಂಡು ಬಂದ. ಒಡೆಯರ ಕುತ್ತಿಗೆಯಲ್ಲಿ ಹಾರವಿತ್ತು. ಹಿಂದೆ ಕ್ಯಾಮೆರಾ ಹಿಡಿದ ಒಬ್ಬ.

"ಬೇರೆ ರೈತರಿಗೂ ತಿಳಿಯಲಿ. ಇದನ್ನ ಹೇಗೆ ಬೆಳೆದಿರಿ, ಎರಡು ಮಾತು ಹೇಳಬೇಕು" ಎಂದ ಕಾರ್ಯದರ್ಶಿ.

ಗಣಪಯ್ಯ ಗಂಟಲು ಸರಿಮಾಡಿಕೊಂಡರು. "ವಿಶೇಷ ಏನಿಲ್ಲ. ಸರಕಾರದ ಗೊಬ್ಬರ ಹಾಕಿದೆ. ಸಾಲು ಮಾಡಿ ಬೀಜ ಹಾಕಿಸಿದೆ. ಸಾಲಿನಿಂದ ಸಾಲಿಗೆ ಅಂತರ ಬಿಟ್ಟರೆ ಕಾಯಿ ದೊಡ್ಡದಾಗ್ತದೆ."

"ಸಾಲು ಅಲ್ಲ ಒಡೇರೆ, ಮಾಡು!" ಹೆಂಗಸರ ನಡುವಿನಿಂದ ಸಣ್ಣಿಯ ದನಿ ಬಂತು.

ಎಲ್ಲರೂ ತಿರುಗಿದರು.

"ಹುಲ್ಲಿನ ಮಾಡಿನ್ಮೇಲೆ ಆದ ಕಾಯಿ ಅದು. ಮಳೆ ಹೊಡ್ಯೂ ಹೊತ್ತಿಗೆ ಹೂ ಹೇಂಗೆ ಕಾಯಿ ಕಚ್ಚಿತು, ಹೇಳಿ ನೋಡ್ವಾ. ಬುಡಕ್ಕೆ ಎಂತ ಹೊಯ್ದದ್ದು, ಹೇಳಿ."

ಗಣಪಯ್ಯನವರು ಅವಳನ್ನು ಗುರುತಿಸಿ ನಕ್ಕರು. ಸಿಟ್ಟು ಮಾಡಿಕೊಳ್ಳುವಷ್ಟು ದೊಡ್ಡ ವಿಷಯವೇ ಅಲ್ಲ ಎನ್ನುವ ನಗು. "ಇದು ನಮ್ಮ ಗೇಣಿ ಹಮ್ಮನ ಹೆಂಡ್ತಿ. ನನ್ನ ಜಾಗದಲ್ಲಿ ಆದದ್ದು ನನ್ನದಲ್ದೆ ಮತ್ತೆ ಯಾರದು? ಹೋಗು ಸಣ್ಣಿ, ಹಬ್ಬಕ್ಕೆ ನಿಂಗೊಂದು ಸೀರೆ ಕೊಡಿಸ್ತೆ."

"ಜಾಗ ನಿಮ್ದು. ಜಾಗ ಕಾಯಿ ಬಿಡೂದಿಲ್ಲ. ಆ ಮೇಜು ಯಾರದೋ, ಅಂವ ಬೆಳ್ದ ಅಂತೀರಾ?"

ಯಾರೋ ಹಿಂದೆ ನಕ್ಕರು. ಕಾರ್ಯದರ್ಶಿಯ ಮುಖ ಬಿಗಿಯಿತು. "ಏನು ಸಾಕ್ಷಿ ಇದೆ ನಿನ್ನ ಹತ್ತಿರ?"

ಸಣ್ಣಿ ಸೊಂಟದ ಬುಟ್ಟಿಯಿಂದ ಸಿಂಬೆಯನ್ನು ತೆಗೆದಳು. "ಕಾಯಿ ಮಗುಚಿ. ಅಡಿ ನೋಡಿ."

ಯಾರೂ ಅಲುಗಾಡಲಿಲ್ಲ. ಅವಳೇ ಮುಂದೆ ಬಂದು, ದುರ್ಗಿಯನ್ನು ಕರೆದು, ಇಬ್ಬರೂ ಸೇರಿ ಕಾಯಿಯನ್ನು ಬದಿಗೆ ಹೊರಳಿಸಿದರು. ಬಿಸಿಲು ಕಾಣದ ಅಡಿಭಾಗ ಬಿಳಿಚಿಕೊಂಡಿತ್ತು. ಅದರಲ್ಲಿ ಒಂದು ದುಂಡನೆಯ ತಗ್ಗು, ತಗ್ಗಿನ ಸುತ್ತ ಹುರಿಯ ಹೆಣಿಗೆಯ ಗುರುತು. ಸಿಂಬೆಯನ್ನು ಅದಕ್ಕೆ ಒತ್ತಿ ಹಿಡಿದಳು. ಕೂದಲೆಳೆ ವ್ಯತ್ಯಾಸವಿಲ್ಲದೆ ಕೂತಿತು.

ಆಗ ಮಹಾಲಕ್ಷ್ಮೀ ಬಾಯಿ ತೆರೆದಳು. "ನಾನು ನೋಡಿದ್ದೇನೆ ಸರ್. ಈ ಕಾಯಿ ಇವರ ಮನೆಯ ಮೇಲೆ ಇದ್ದದ್ದನ್ನ ಎರಡು ಸಲ ನೋಡಿದ್ದೇನೆ. ಬೆಳೆದದ್ದು ಇವರೇ."

"ನಿಮ್ಮನ್ನ ಯಾರು ಕೇಳಿದ್ದು?" ಕಾರ್ಯದರ್ಶಿ ಅವಳ ಮೇಲೆ ರೇಗಿದ. ಮತ್ತೆ ಸಣ್ಣಿಯ ಕಡೆ ತಿರುಗಿ ಸಮಾಧಾನದ ದನಿ ಮಾಡಿದ. "ನೋಡಮ್ಮ, ಚೀಟಿ ಬರೆದಾಗಿದೆ. ಹೆಸರು ಮೇಲಿನವರಿಗೆ ಹೋಗಿದೆ. ನಾಳೆ ದೊಡ್ಡ ಸಾಹೇಬರು ಬಂದು ಬಹುಮಾನ ಕೊಡ್ತಾರೆ. ಮುಂದಿನ ವರ್ಷ ನಿನ್ನ ಹೆಸರಲ್ಲಿ ಇಡು, ಆಯ್ತಾ?"

ಕ್ಯಾಮೆರಾದವನು ಈ ಹೊತ್ತಿಗೆ ಸಣ್ಣಿಯ ಕುತ್ತಿಗೆ ತುಂಬಿದ ಹಾಲಕ್ಕಿ ಮಣಿಸರಗಳನ್ನು ಕಂಡಿದ್ದ. "ಸರ್, ಈ ಹೆಂಗಸನ್ನ ಕಾಯಿಯ ಪಕ್ಕ ನಿಲ್ಲಿಸಿದರೆ ಚಿತ್ರ ಚೆನ್ನಾಗಿ ಬರುತ್ತದೆ" ಎಂದ.

"ಹಾಂ, ಸರಿ" ಎಂದ ಕಾರ್ಯದರ್ಶಿ. "ಚೇರಮನ್ನರು ನಡುವೆ ನಿಲ್ಲಲಿ. ನೀನು ಈ ಕಡೆ ನಿಂತು ಕಾಯಿಗೆ ಕೈ ಹಚ್ಚು. ನಗು ಸ್ವಲ್ಪ."

ಅದುವರೆಗೆ ಸಣ್ಣಿಯಲ್ಲಿ ಎಲ್ಲೋ ಒಂದು ಕಡೆ, ಇವರು ತಪ್ಪು ತಿದ್ದಿಯಾರು ಎಂಬ ಆಸೆಯಿತ್ತು. ಸಿಂಬೆ ಕೂತದ್ದನ್ನು ಎಲ್ಲರೂ ನೋಡಿದ್ದರು. ಅವಳು ಹೇಳಿದ್ದು ಸುಳ್ಳು ಎಂದು ಒಬ್ಬನೂ ಹೇಳಿರಲಿಲ್ಲ. ನಿಜವೆಂದು ಗೊತ್ತಾದ ಮೇಲೂ ಅವಳನ್ನು ಬದಿಗೆ ನಿಲ್ಲಿಸಿ ನಗು ಎನ್ನುತ್ತಿದ್ದರು.

"ನಗೂದಾ?" ಎಂದಳು. "ನನ್ನ ಹೆಸರು ಬರ್ಯೂಕೆ ಚೀಟಿ ಇಲ್ಲ, ಮಣಿಸರಕ್ಕೆ ಮಾತ್ರ ಜಾಗ ಉಂಟಾ?"

ಅವಳು ಹಳದಿ ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಹರಿದಳು. ಸಿಂಬೆಯನ್ನು ತಲೆಯ ಮೇಲೆ ಇಟ್ಟುಕೊಂಡಳು. "ದುರ್ಗಿ, ಹೊರಿಸು."

ದುರ್ಗಿ ಒಮ್ಮೆ ಒಡೆಯರ ಮುಖ ನೋಡಿದಳು. ಅವಳ ಮನೆಯೂ ಅವರ ಜಾಗದಲ್ಲೇ ಇತ್ತು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮತ್ತೆ ಬಗ್ಗಿ ಎತ್ತಿದಳು. ತುಂಬಿದ ಕೊಡಕ್ಕಿಂತ ಭಾರದ ಕಾಯಿ ಸಣ್ಣಿಯ ತಲೆಗೆ ಬಂತು.

"ಏ ಸಣ್ಣಿ, ಇಳಿಸು! ಇಳಿಸು ಅಂದೆ!" ಗಣಪಯ್ಯನವರ ನಗು ಈಗ ಹೋಗಿತ್ತು.

ಅವಳ ಕುತ್ತಿಗೆ ಭಾರಕ್ಕೆ ನೆಟ್ಟಗಾಗಿತ್ತು. ತಿರುಗಿ ನೋಡಬೇಕೆಂದರೂ ಆಗುತ್ತಿರಲಿಲ್ಲ. ಒಂದು ಕೈ ಮೇಲೆ ಹಿಡಿದು, ಕುಂಬಳಗಳ ಎರಡು ಸಾಲಿನ ನಡುವಿನಿಂದ ನಡೆದುಬಿಟ್ಟಳು. ಸಮಿತಿಯ ಇಬ್ಬರು ಬಾಗಿಲಿಗೆ ಅಡ್ಡ ಬಂದರು. ಅಡ್ಡ ಬಂದವರ ಮುಂದೆ ಅವಳು ನಿಲ್ಲಲಿಲ್ಲ. ತಲೆಯ ಮೇಲೆ ಅಷ್ಟು ಭಾರ ಹೊತ್ತು ಬರುವವಳನ್ನು ದೂಡಿದರೆ ಏನಾದೀತೋ ಎಂದು ಅವರೇ ಸರಿದರು.

ಕುಮಟೆಯ ಬಸ್ಸಿನಲ್ಲಿ ಕಂಡಕ್ಟರ್ ಕಾಯಿಯನ್ನು ಮೇಲೆ ಹಾಕು ಎಂದ. "ಇದು ನನ್ನ ಕೈ ಬಿಟ್ಟು ಒಂದು ಸಲ ಹೋಗ್ಯದೆ, ಸಾಕು" ಎಂದು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಕಾಲು ಜೋಮು ಹಿಡಿದು ಕುಮಟೆಯಲ್ಲಿ ಇಳಿಯುವಾಗ ನೆಲ ತಾಗಿದ್ದೇ ಗೊತ್ತಾಗಲಿಲ್ಲ. ದುರ್ಗಿ ದಾರಿಯಲ್ಲಿ ಒಂದೇ ಮಾತು ಹೇಳಿದಳು: "ನಾಳೆ ಎಂತ ಆಗ್ತದೋ."

ಆಗುವುದು ಮರುದಿನ ಬೆಳಿಗ್ಗೆಯೇ ಆಯಿತು. ಗಣಪಯ್ಯನವರು ಇಬ್ಬರು ಆಳುಗಳೊಂದಿಗೆ ತಾವೇ ಬಂದರು. ಅವರು ಆ ಅಂಗಳಕ್ಕೆ ಬಂದು ಹತ್ತು ವರ್ಷವಾಗಿತ್ತು. ಕುಂಬಳ ಜಗುಲಿಯ ಮೇಲೆ, ದಾರಿಗೆ ಕಾಣುವಂತೆ ಕೂತಿತ್ತು. ಸಣ್ಣಿ ಅಂಗಳದಲ್ಲಿ ಕಸ ಗುಡಿಸುತ್ತಿದ್ದಳು. ಅವಳತ್ತ ಅವರು ನೋಡಲಿಲ್ಲ.

"ಹಮ್ಮ!"

ಹಮ್ಮ ಗೌಡ ಓಡಿ ಬಂದು ಹೆಗಲ ಮೇಲಿನ ಪಂಚೆಯನ್ನು ಕೈಗೆ ತೆಗೆದುಕೊಂಡ.

"ಮೂರು ತಾಲೂಕಿನ ಜನರ ಮುಂದೆ ನನ್ನ ಮರ್ಯಾದೆ ತೆಗೆದ್ಲು ನಿನ್ನ ಹೆಂಡ್ತಿ. ಪೊಲೀಸಿಗೆ ಹೇಳ್ಬಹುದಿತ್ತು, ಹೇಳ್ಲಿಲ್ಲ. ಮಧ್ಯಾಹ್ನ ಸಾಹೇಬ್ರು ಬತ್ತ್ರು. ಕಾಯಿ ಅಲ್ಲಿ ಇರ್ಬೇಕು. ಎತ್ತು, ಆಳಿನ ತಲೆಗೆ ಹೊರಿಸು."

ಹಮ್ಮ ಗೌಡ ಜಗುಲಿಯ ಕಡೆ ಎರಡು ಹೆಜ್ಜೆ ಇಟ್ಟ. ಸಣ್ಣಿ ಕಸಬರಿಗೆ ಹಿಡಿದು ನಿಂತಲ್ಲೇ ನಿಂತಳು. ಅವಳು ಬೈಯುತ್ತಾಳೆಂದು, ಅಡ್ಡ ಬರುತ್ತಾಳೆಂದು ಅವನು ಕಾದಂತಿತ್ತು. ಅವಳು ಬರೀ ನೋಡಿದಳು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ. ನೀನು ಎಂಥವನೆಂದು ಇವತ್ತು ಪೂರ್ತಿ ತಿಳಿದುಕೊಂಡುಬಿಡುತ್ತೇನೆ ಎನ್ನುವಂತಿತ್ತು.

ಅವನ ಕೈ ಕಾಯಿಯ ಮೇಲೆ ಬಂತು. ತೊಟ್ಟಿನ ಹತ್ತಿರ, ಕತ್ತಿಯ ಪೆಟ್ಟು ಬಿದ್ದು ಒಡೆದ ಗುರುತಿತ್ತು. ಅವನು ಅಲ್ಲೇ ಬೆರಳಾಡಿಸುತ್ತ ಸ್ವಲ್ಪ ಹೊತ್ತು ನಿಂತ.

"ಎಂತ ನೋಡ್ತೆ? ಎತ್ತು."

"ಒಡೇರೆ," ಎಂದ ಹಮ್ಮ ಗೌಡ. ಸಣ್ಣಿಯ ಕಡೆ ಕೈ ತೋರಿಸಿ ಮತ್ತೆ ಹೇಳಿದ. "ಒಡೇರೆ, ಗದ್ದೆದು ಆದ್ರೆ ನನ್ನ ಕೇಳಿ. ಇದು ಅದ್ರದ್ದು. ಅದ್ನೇ ಕೇಳಿ."

ಕೇಳಬೇಕಾದರೆ ಗಣಪಯ್ಯನವರು ಆ ಹೆಂಗಸಿನ ಕಡೆ ತಿರುಗಬೇಕು, ಕೊಡುತ್ತೀಯಾ ಎನ್ನಬೇಕು. ಆಳುಗಳು ನೋಡುತ್ತಿದ್ದರು. ಬೇಲಿಯ ಆಚೆ ದುರ್ಗಿ, ಇನ್ನೂ ನಾಲ್ಕಾರು ಜನ ನೋಡುತ್ತಿದ್ದರು. ಅವರಿಗೆ ಆ ಮಾತು ಬರಲಿಲ್ಲ.

"ಈ ಮನೆ ಬದಿ ಜಾಗ ಗೇಣಿಯಲ್ಲಿ ಇಲ್ಲ, ಗೊತ್ತದೆಯೋ?" ಎಂದರು ಹಮ್ಮನಿಗೆ. "ಬೇಲಿಯಿಂದ ಬಾವಿ ತನ್ಕ. ಹಬ್ಬ ಆದ ಮೇಲೆ ನಾ ಬೇಲಿ ಹಾಕಿಸ್ತೆ. ತೆಂಗಿನ ಸಸಿ ಇಡಿಸ್ತೆ. ಎಲ್ಲಿ ಬೆಳೀತಾಳೆ ನೋಡ್ವಾ." ತಿರುಗಿ ಹೊರಟರು. ಆಳುಗಳು ಹಿಂದೆ ಹೋದರು.

ಅಂಗಳದಲ್ಲಿ ಇಬ್ಬರೇ ಉಳಿದರು. ಹಮ್ಮ ಗೌಡ ಅವಳು ಏನಾದರೂ ಹೇಳಲಿ ಎಂದು ಕಾದ.

"ಇವತ್ತು ಹೇಳಿದ್ದು ಸರಿ" ಎಂದಳು ಸಣ್ಣಿ. "ಬುಧವಾರ ಹೇಳ್ಬೇಕಿತ್ತು." ಮತ್ತೆ ಕಸ ಗುಡಿಸತೊಡಗಿದಳು.

ದೀಪಾವಳಿಯ ಬೆಳಿಗ್ಗೆ ಅವಳು ಕಾಯಿಯನ್ನು ಅಂಗಳದಲ್ಲಿ ಇಟ್ಟು ಕತ್ತಿ ಹಾಕಿದಳು. ಒಳಗೆ ಅರಿಶಿನದ ಮುದ್ದೆಯ ಹಾಗೆ ತಿರುಳು. ಕೊಪ್ಪದ ಹತ್ತೊಂಬತ್ತು ಮನೆಗೂ ಒಂದೊಂದು ಹೋಳು ಹೋಯಿತು. ಹಬ್ಬದ ದಿನ ಕೊಪ್ಪದವರು ಬುಟ್ಟಿಯಲ್ಲಿ ಕುಂಬಳ, ಸೋರೆ, ಮೊಗೆಕಾಯಿ ತುಂಬಿ ಒಡೆಯರ ಮನೆಗೆ ಕಾಣಿಕೆ ಒಯ್ಯುವುದು ಅಜ್ಜನ ಕಾಲದಿಂದ ನಡೆದು ಬಂದದ್ದು. ಬುಟ್ಟಿ ತುಂಬುವವರು ಹೆಂಗಸರು. ಸಣ್ಣಿ ಆ ವರ್ಷ ತುಂಬಲಿಲ್ಲ. ಹಮ್ಮ ಗೌಡ ಬರಿಗೈಯಲ್ಲಿ ಜಗುಲಿಯ ಮೇಲೆ ಕೂತೇ ಇದ್ದ. ದುರ್ಗಿಯ ಮನೆಯಿಂದಲೂ ಬುಟ್ಟಿ ಹೊರಡಲಿಲ್ಲ. ಉಳಿದ ಹದಿನೇಳು ಮನೆಯವರು ಒಯ್ದರು. ಸಣ್ಣಿಯ ಕುಂಬಳದ ಹೋಳನ್ನು ಬೇಯಿಸಿ ತಿಂದು, ಬಾಯಿ ಒರೆಸಿಕೊಂಡು, ಅವಳ ಬೇಲಿಯ ಮುಂದಿನಿಂದಲೇ ಬುಟ್ಟಿ ಹೊತ್ತು ಹೋದರು. ಅವರನ್ನು ನೋಡಿ ಅವಳಿಗೆ ಒಡೆಯರ ಮೇಲಿನದಕ್ಕಿಂತ ಹೆಚ್ಚು ಸಿಟ್ಟು ಬಂತು.

ಗಣಪಯ್ಯನವರು ಹೇಳಿದಂತೆ ಮಾಡಿದರು. ಬೇಲಿಯಿಂದ ಬಾವಿಯವರೆಗಿನ ಜಾಗಕ್ಕೆ ಮುಳ್ಳು ಬಂತು, ಒಂಬತ್ತು ತೆಂಗಿನ ಸಸಿ ಬಂದವು. ಮೊಗೆಕಾಯಿ ಮಲಗುತ್ತಿದ್ದ ಜಾಗ, ಸೋರೆಯ ಚಪ್ಪರ ಎರಡೂ ಹೋದವು. ಗದ್ದೆಯನ್ನು ಮುಟ್ಟಲು ಅವರಿಂದ ಆಗಲಿಲ್ಲ. ಗೇಣಿಯವರನ್ನು ಹಾಗೆಲ್ಲ ಎಬ್ಬಿಸಲು ಕಾಯಿದೆ ಬಿಡುವುದಿಲ್ಲ ಎಂದು ಮಹಾಲಕ್ಷ್ಮೀ ಬಂದು ಹಮ್ಮನಿಗೆ ಹೇಳಿ ಹೋಗಿದ್ದಳು. ಕೆಲವು ತಿಂಗಳಲ್ಲಿ ಅವಳಿಗೂ ಬೇರೆ ಕಡೆಗೆ ವರ್ಗವಾಯಿತು. ಹೋಗುವ ಮೊದಲು, ಮುಂದಿನ ಪ್ರದರ್ಶನಕ್ಕೆ ನಿಮ್ಮ ಹೆಸರು ಬರೆಸಿ ಹೋಗಲೇ ಎಂದು ಸಣ್ಣಿಯನ್ನು ಕೇಳಿದಳು.

"ಬೇಡ ಅಕ್ಕೋರೆ. ನೋಡ್ಬೇಕು ಅಂತ ಇದ್ದವ್ರು ಇಲ್ಲಿಗೆ ಬರ್ಲಿ. ಮಾಡು ಎಲ್ಲೂ ಹೋಗೂದಿಲ್ಲ."

ಮುಂದಿನ ಮಳೆಗಾಲದ ಹೊಸ್ತಿಲಲ್ಲಿ, ಮಾಡಿನ ನೀರು ಬೀಳುವ ಜಾಗದ ಪಕ್ಕದಲ್ಲಿ, ಉಳಿದಿದ್ದ ಒಂದೇ ಮಾರು ನೆಲದಲ್ಲಿ ಸಣ್ಣಿ ಗುಂಡಿ ತೋಡುತ್ತಿದ್ದಳು. ಹಮ್ಮ ಗೌಡ ಯಾರೂ ಹೇಳದೆ ಒಂದು ಬುಟ್ಟಿ ಗೊಬ್ಬರ, ಒಂದು ಬುಟ್ಟಿ ಸುಡುಮಣ್ಣು ತಂದು ಸುರಿದ. ಮತ್ತೆ ಅವಳ ಕೈಯಿಂದ ಗುದ್ದಲಿ ತೆಗೆದುಕೊಂಡ. ಅವಳು ಬಿಟ್ಟುಕೊಟ್ಟು ಬದಿಗೆ ಸರಿದಳು.

ಸ್ವಲ್ಪ ಹೊತ್ತು ಅಗೆದ ಮೇಲೆ ಅವನು ಕೇಳಿದ: "ಇನ್ನೂ ಸಿಟ್ಟು ಇಳೀಲಿಲ್ವಾ ನಿಂಗೆ?"

"ಇಲ್ಲ" ಎಂದಳು ಸಣ್ಣಿ. "ಇನ್ನೂ ಒಂದು ಗೇಣು ಆಳ ಮಾಡಿ."